ಒಣಕೆರೆಯಿಂದ ಪ್ರದರ್ಶನಾಂಗಣಕ್ಕೆ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳುಂಟು. ಬೇಸಗೆಯಲ್ಲಿ ಅವುಗಳ ತಳ ಮೈಲಿಗಟ್ಟಲೆ ಹಲಗೆಯಂತೆ ಸಮತಟ್ಟಾಗಿ, ಗಟ್ಟಿಯಾಗಿ ಇರುತ್ತದೆ. 1930ರ ದಶಕದಲ್ಲಿ ಅಲ್ಲಿನ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗವಾಗಿ ಕೊಂಡು, ತಾವೇ ತಿದ್ದಿ, ಈ ಬಯಲಿನಲ್ಲಿ ಓಡಿಸಿ ವೇಗವನ್ನು ಅಳೆಯುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳು ಕೂಡಿ ಒಂದು ಸಂಘವನ್ನೂ ಕಟ್ಟಿಕೊಂಡವು. ಇಂಥ ಕಾರುಗಳಿಗೆ ಮುಂದೆ 'ಹಾಟ್ ರಾಡ್' ಎಂಬ ಹೆಸರು ಬಂತು. ಇಂದು ನಾನಾ ದೇಶಗಳಲ್ಲಿ ನಡೆಯುವ ಮಾರ್ಪಡಿಸಿದ ಕಾರುಗಳ ಪ್ರದರ್ಶನಗಳಿಗೆ ಒಂದು ಮೂಲ ಈ ಒಣಕೆರೆಗಳಲ್ಲಿದೆ.

ಆ ಕಾರುಗಳಿಗೆ ಮಡ್‌ಗಾರ್ಡುಗಳಿರಲಿಲ್ಲ; ಎಷ್ಟೋ ಕಾರುಗಳಿಗೆ ಮುಂಗಾಜೂ ಇರಲಿಲ್ಲ. ನೋಡಿದವರು ಇದನ್ನು ಹುಡುಗಾಟವೆಂದುಕೊಂಡರೆ ಆಶ್ಚರ್ಯವಲ್ಲ. ಆದರೆ ದ್ರವ್ಯರಾಶಿ ಕಡಿಮೆಯಾದಷ್ಟೂ ಅದೇ ಬಲದಿಂದ ಹೆಚ್ಚಿನ ವೇಗೋತ್ಕರ್ಷ ದೊರೆಯುವುದೆಂದು ನ್ಯೂಟನ್ನನ ನಿಯಮದಿಂದ ನಾವು ಬಲ್ಲೆವು. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಮೈಲಿಯ ವೇಗವನ್ನು 120ಕ್ಕೆ ಏರಿಸಲು, ಗಾಳಿಗಾಗಿ ವ್ಯಯವಾಗುವ ಸಾಮರ್ಥ್ಯವೊಂದೇ ಶೇಕಡ 73ರಷ್ಟು ಹೆಚ್ಚಬೇಕು! ಚಾವಣಿಯ ಕಂಬಗಳನ್ನು ಕತ್ತರಿಸಿ ಕಾರನ್ನು ಕುಳ್ಳಾಗಿಸಿದ್ದು ಗಾಳಿಗೆ ಒಡ್ಡುವ ಮೈಯನ್ನು ಕುಗ್ಗಿಸಲೆಂದೇ.

ಎಂಜಿನ್ನಿನ ಕಡೆಗೆ ನೋಡೋಣ. 1932ರಲ್ಲಿ ಫೋರ್ಡ್ ಸಂಸ್ಥೆ ಹೊರತಂದ ಎಂಟು ಸಿಲಿಂಡರುಗಳ ಎಂಜಿನ್ನು 65 ಅಶ್ವಶಕ್ತಿಯದು. ಸಿಲಿಂಡರಿನ ಮುಚ್ಚಳದ ತಳವನ್ನು ಅರೆದರೆ, ಪಿಸ್ಟನ್ನು ಮೇಲೇರಿದಾಗ ಉಳಿಯುವ ಎಡೆ ಕಿರಿದಾಗಿ, ಅನಿಲವು ಹೆಚ್ಚು ಒತ್ತಲ್ಪಡುತ್ತದೆ. ಈ ಸಂಪೀಡನದ ಪ್ರಮಾಣವನ್ನು 5.5ರಿಂದ 8ಕ್ಕೆ ಏರಿಸಿದರೆ, ಆದರ್ಶ ಎಂಜಿನ್ನಿನ ದಕ್ಷತೆಯು ಶೇಕಡ 49ರಿಂದ 56ಕ್ಕೆ ಏರುವುದೆಂದು ಲೆಕ್ಕ ತೋರಿಸುತ್ತದೆ. ನಿಜವಾದ ಎಂಜಿನ್ನಿನಲ್ಲಿ ದೊರೆಯುವುದು ಇದಕ್ಕಿಂತ ಬಹಳ ಕಡಿಮೆ. ಅತಿಯಾಗಿ ಒತ್ತಿದರೆ, ಜ್ವಾಲೆ ತಲಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದು ಎಂಜಿನ್ನು ಹಾಳಾಗುತ್ತದೆ. (ಸೈಲೆನ್ಸರನ್ನು ಕಿತ್ತೆಸೆದವರು ಗಳಿಸುವುದು ಬಹುಮಟ್ಟಿಗೆ ಗದ್ದಲವನ್ನೇ.)

1948ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಇಂಥ ಕಾರುಗಳ ಪ್ರದರ್ಶನವೊಂದು ನಡೆಯಿತು. ಬೀದಿಗಳಲ್ಲಿ ಪಂದ್ಯ ಕಟ್ಟಿ ಓಡಿಸುವವರಿಂದ ಕೆಟ್ಟಿದ್ದ ಹೆಸರನ್ನು ತೊಳೆಯುವುದೂ ಅದರ ಉದ್ದೇಶವಾಗಿತ್ತು. ಮುಂದೆ ಓಕ್ಲೆಂಡ್ ನಗರದ ಪ್ರದರ್ಶನದಲ್ಲಿ ಅತಿ ಸುಂದರ ಕಾರಿಗೆ ಬಹುಮಾನ ಏರ್ಪಟ್ಟಿತು. 1950ರಲ್ಲಿ ಅದನ್ನು ಮೊದಲು ಗೆದ್ದ ಬಿಲ್ ನೀಕ್ಯಾಂಪರ ಕಾರು ಮುಂದೆ ಎಲ್ ಮಿರಾಜಿನಲ್ಲಿ ಗಂಟೆಗೆ 142 ಮೈಲಿ ಓಡಿತು. ಅಂದಿಗೆ ಅಂದವೂ ಓಟವೂ ಒಂದೇ ಕಾರಿನಲ್ಲಿದ್ದವು. ಬರುಬರುತ್ತಾ ಲಾರಿಯ ಹಿಂದಿನ ಟ್ರೈಲರಿನಲ್ಲೇ ಬಂದು ಹೋಗುವ ಕಾರುಗಳು ಹುಟ್ಟಿಕೊಂಡವು. ಕತ್ತರಿಸಿದ ಚಾವಣಿ ಬರಿಯ ಅಲಂಕಾರವಾಯಿತು. ನಮಗೇನೋ ಮೊದಲಿನವೇ ಹೆಚ್ಚು ಪ್ರಿಯ.

ಪ್ರದರ್ಶನದಲ್ಲಿ ಕಣ್ಣಿಗೆ ಸುಲಭವಾಗಿ ಬೀಳದ ಭಾಗವೊಂದಿದೆ: ಬ್ರೇಕು. ಚಲನಶಕ್ತಿಯೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ಟೈರಿಗೂ ರಸ್ತೆಗೂ ನಡುವಣ ಘರ್ಷಣಾಂಕ 0.7 ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರು ಸಾಗಿ ನಿಲ್ಲುತ್ತದೆ. 120ರ ವೇಗದ್ದು 81 ಮೀಟರು ಸಾಗುತ್ತದೆ. ಚಾಲಕನು ಬೆಚ್ಚಿ ಕಾಲೊತ್ತುವುದರೊಳಗೆ ಸಾಗಿದ ದೂರ ಇದಕ್ಕೆ ಸೇರಿಲ್ಲ. ಹಳೆಯ ಫೋರ್ಡ್‌ಗಳಲ್ಲಿ ಬ್ರೇಕುಗಳನ್ನು ಕಬ್ಬಿಣದ ಸಲಾಕೆಗಳು ಎಳೆಯುತ್ತಿದ್ದವು. ಎಳೆತ ಸಮನಾಗಿರದಿದ್ದರೆ ಕಾರು ಒಂದು ಪಕ್ಕಕ್ಕೆ ಹೊರಳುತ್ತಿತ್ತು. 1939ರ ಮಾದರಿಯಲ್ಲಿ ದ್ರವದ ಬ್ರೇಕು ಬಂತು. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆಯೂ ಸಮವೆಂಬ ಪಾಸ್ಕಲನ ತತ್ತ್ವವೇ ಅದರ ಆಧಾರ. ತಿಳಿದ ತರುಣರು ಈ ಬ್ರೇಕುಗಳನ್ನು ಬಿಚ್ಚಿ ತಂದು ತಮ್ಮ ಹಳೆಯ ಕಾರುಗಳಿಗೆ ಜೋಡಿಸಿದರು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಎಂಜಿನ್ನನ್ನು ಬಲಪಡಿಸಿ ಬ್ರೇಕನ್ನು ಹಾಗೆಯೇ ಬಿಟ್ಟ ವಾಹನವು 81 ಮೀಟರಿನಲ್ಲಿಯೂ ನಿಲ್ಲದೆ ಹೋಗಬಹುದು.