ರೋಗಿಗೆ ‘ಚೆನ್ನಾಗಿ ನಿದ್ದೆ ಮಾಡಿ’ ಎನ್ನುವ ಡಾಕ್ಟರಿಗೇ ನಿದ್ದೆ ಇಲ್ಲ: 36 ಗಂಟೆ ಡ್ಯೂಟಿ, ಕಾಗದದಲ್ಲೇ ಉಳಿದ ನಿಯಮ

ಮೆಡಿಕಲ್ ಓದು ಎಂದರೆ ನಿದ್ದೆಗೆಟ್ಟು ಓದುವುದು ಎಂಬ ಮಾತು ಹಳೆಯದು. ಎಂಬಿಬಿಎಸ್‌ನಲ್ಲಿ ಪರೀಕ್ಷೆ ಹತ್ತಿರ ಬಂದರೆ ಹಾಸ್ಟೆಲ್‌ ದೀಪ ಆರುವುದೇ ಇಲ್ಲ. ಆದರೆ ಪಿಜಿ ಸೇರಿದ ಮೇಲಿನ ಕಥೆ ಬೇರೆ. ಅಲ್ಲಿ ನಿದ್ದೆ ಕೆಡಿಸುವುದು ಪುಸ್ತಕವಲ್ಲ, ಡ್ಯೂಟಿ ಪಟ್ಟಿ.

ಬೆಳಗ್ಗೆ 8ಕ್ಕೆ ವಾರ್ಡಿಗೆ ಬಂದ ಪಿಜಿ ವಿದ್ಯಾರ್ಥಿ ಹಗಲು ಒಪಿಡಿ ನೋಡಿ, ರಾತ್ರಿಯಿಡೀ ಎಮರ್ಜೆನ್ಸಿಯಲ್ಲಿದ್ದು, ಮರುದಿನ ಮತ್ತೆ ರೌಂಡ್ಸ್ ಮುಗಿಸಿ ರಾತ್ರಿ 8ಕ್ಕೆ ರೂಮ್ ಸೇರಿದರೆ ಅಲ್ಲಿಗೆ 36 ಗಂಟೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಅಪರೂಪವೇನಲ್ಲ.

ಇಷ್ಟು ಹೊತ್ತು ಎಚ್ಚರವಿದ್ದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 24 ಗಂಟೆ ನಿದ್ದೆ ಇಲ್ಲದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.10ರಷ್ಟು ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಕುಸಿದಿತ್ತು. ನಮ್ಮಲ್ಲಿ ವಾಹನ ಓಡಿಸುವವರಿಗಿರುವ ಮಿತಿ ಶೇ. 0.03. ಅಂದರೆ ಸ್ಟೀರಿಂಗ್ ಹಿಡಿಯಲು ಬಿಡದ ಸ್ಥಿತಿಗಿಂತಲೂ ಮಂಕಾದ ಸ್ಥಿತಿಯಲ್ಲಿ ಒಬ್ಬರು ಐಸಿಯುನಲ್ಲಿ ಔಷಧದ ಡೋಸ್ ಲೆಕ್ಕ ಹಾಕುತ್ತಿರುತ್ತಾರೆ. ನಡುವೆ ಅರ್ಧ ಗಂಟೆ ಕಣ್ಣು ಮುಚ್ಚಿದರೂ ಗಾಢ ನಿದ್ದೆಯಿಂದ ಫೋನ್ ಎಬ್ಬಿಸಿದಾಗ ತಲೆ ತಿಳಿಯಾಗಲು ಹಲವು ನಿಮಿಷ ಬೇಕು. ರೋಗಿ ಅಷ್ಟು ಹೊತ್ತು ಕಾಯುವುದಿಲ್ಲ.

ನಿಯಮ ಇಲ್ಲವೇ ಎಂದರೆ, ಇದೆ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ಆದೇಶದ ಪ್ರಕಾರ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ವಾರಕ್ಕೊಂದು ರಜೆ ಬೇರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯಲ್ಲಿ ಆ ಅಂಕಿಯೇ ಇಲ್ಲ, ‘ಸಮಂಜಸ ಕೆಲಸದ ಅವಧಿ’ ಎಂದಷ್ಟೇ ಇದೆ. ಎಷ್ಟು ಗಂಟೆಯಾದರೆ ಸಮಂಜಸ? ಅದನ್ನು ವಿಭಾಗದ ಮುಖ್ಯಸ್ಥರೇ ಹೇಳಬೇಕು! 2024ರಲ್ಲಿ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ, ದಿನಕ್ಕೆ 7-8 ಗಂಟೆ ನಿದ್ದೆ ಇರಲಿ ಎಂದು ಶಿಫಾರಸು ಮಾಡಿತು. 1992ರ 48 ಗಂಟೆಗೆ ಹೋಲಿಸಿದರೆ ಇದು ಮುಂದಡಿಯೋ ಹಿಂದಡಿಯೋ ಎಂಬ ಪ್ರಶ್ನೆ ಏಳದೆ ಇರದು.

ದೂರು ಕೊಡುವವರೂ ಕಡಿಮೆ. ಥೀಸಿಸ್‌ಗೆ ಸಹಿ ಹಾಕುವವರು, ಡ್ಯೂಟಿ ಪಟ್ಟಿ ಒಪ್ಪುವವರು ಬಹುತೇಕ ಒಂದೇ ವಿಭಾಗದವರು. ‘ನಾವೂ ಹೀಗೇ ಕಲಿತದ್ದು’ ಎನ್ನುವ ಸೀನಿಯರ್‌ಗಳ ಮುಂದೆ ನಿದ್ದೆ ಬೇಕು ಎಂದವರು ಸೋಮಾರಿಗಳಾಗುತ್ತಾರೆ.

ಅಪಾಯ ಆಸ್ಪತ್ರೆ ಗೇಟಿನಲ್ಲೇ ನಿಲ್ಲುವುದೂ ಇಲ್ಲ. ಅಮೆರಿಕದ ಇಂಟರ್ನ್‌ಗಳ ಕುರಿತ 2005ರ ಅಧ್ಯಯನದಲ್ಲಿ, 24 ಗಂಟೆ ಮೀರಿದ ಶಿಫ್ಟ್ ಮುಗಿಸಿ ಮನೆಗೆ ಹೊರಟವರು ಅಪಘಾತಕ್ಕೀಡಾಗುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಿತ್ತು. ಡ್ಯೂಟಿ ಮುಗಿದ ಕೂಡಲೇ ಬೈಕ್ ಹತ್ತುವ ಬದಲು ಅಲ್ಲೇ ಸ್ವಲ್ಪ ಮಲಗುವುದು, ಇಲ್ಲವೇ ಆಟೊ ಹಿಡಿಯುವುದು ಸದ್ಯಕ್ಕೆ ವಿದ್ಯಾರ್ಥಿಯ ಕೈಯಲ್ಲಿರುವ ದಾರಿ.