ಬೆಳಗಾವಿ–ಖಾನಾಪುರ ಪರಿಸರದ ಗ್ರಾಮೀಣ ರಸ್ತೆಗಳಲ್ಲಿ ಸೈಕಲ್ ಪ್ರಯಾಣ: ಸಾರ್ವಜನಿಕರಿಗೆ ಮಾಹಿತಿ

ಬೆಳಗಾವಿ ನಗರದಿಂದ ಸುಮಾರು 26 ಕಿ.ಮೀ. ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಖಾನಾಪುರ ಪಟ್ಟಣವಿದೆ. ಸುತ್ತಲಿನ ಹಳ್ಳಿಗಳಿಗೆ ಇದೇ ತಾಲ್ಲೂಕು ಕೇಂದ್ರ, ಇದೇ ಸಂತೆಯ ಊರು. ಈ ಎರಡು ಊರುಗಳ ನಡುವಣ ಮತ್ತು ಆಸುಪಾಸಿನ ಗ್ರಾಮೀಣ ರಸ್ತೆಗಳಲ್ಲಿ ವಿಹಾರಕ್ಕಾಗಿ ಸೈಕಲ್ ಸವಾರಿ ಕೈಗೊಳ್ಳುವವರಿಗೆ ಅಗತ್ಯವಾದ ವಿವರಗಳನ್ನು ಇಲ್ಲಿ ನೀಡಲಾಗಿದೆ. ಇದೇ ರಸ್ತೆಗಳಲ್ಲಿ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ನಗರಕ್ಕೆ ಬರುವವರು, ಶಾಲೆಗೆ ಹೋಗುವ ಮಕ್ಕಳು ಹಾಗೂ ಕೂಲಿಗೆ ತೆರಳುವವರು ಮೊದಲಿನಿಂದಲೂ ಸೈಕಲ್ಲನ್ನೇ ಅವಲಂಬಿಸಿದ್ದಾರೆ. ಕೆಳಗಿನ ಮಾಹಿತಿಯಲ್ಲಿ, ವಿಶೇಷವಾಗಿ ಅಪಘಾತ ಪರಿಹಾರಕ್ಕೆ ಸಂಬಂಧಿಸಿದ ಭಾಗವು ಅವರಿಗೂ ಸಮಾನವಾಗಿ ಅನ್ವಯಿಸುತ್ತದೆ.

ರಸ್ತೆಯ ಆಯ್ಕೆ

ಮೊದಲಿಗೆ ಗಮನಿಸಬೇಕಾದುದು ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಬಣ್ಣ. ಕಲ್ಲಿನ ತಲೆಭಾಗವು ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ 2000ನೇ ಇಸವಿಯ ನಂತರ ನಿರ್ಮಿಸಲಾದ ಗ್ರಾಮೀಣ ರಸ್ತೆಗಳಲ್ಲಿ ಕಿತ್ತಳೆ ಬಣ್ಣದ ಕಲ್ಲುಗಳಿರುತ್ತವೆ. ಪ್ರಶಾಂತವಾದ ಸವಾರಿಯನ್ನು ಬಯಸುವವರು ಸಾಧ್ಯವಾದಷ್ಟೂ ಕಿತ್ತಳೆ ಕಲ್ಲಿನ ರಸ್ತೆಗಳನ್ನು ಆರಿಸಿಕೊಳ್ಳುವುದು ಸೂಕ್ತ. ಈ ರಸ್ತೆಗಳು ಕಿರಿದಾಗಿದ್ದರೂ ಇವುಗಳಲ್ಲಿ ಭಾರಿ ವಾಹನಗಳ ಸಂಚಾರ ವಿರಳ.

ಬೆಳಗಾವಿಯಿಂದ ಖಾನಾಪುರಕ್ಕೆ ನೇರವಾಗಿ ಹೋಗುವುದು ರಾಷ್ಟ್ರೀಯ ಹೆದ್ದಾರಿ ಸಂಖ್ಯೆ 748. ಹಿಂದೆ ಇದು 4ಎ ಎಂಬ ಸಂಖ್ಯೆಯಿಂದ ಪರಿಚಿತವಾಗಿತ್ತು. ಚತುಷ್ಪಥವಾದ ನಂತರ ಈ ಹೆದ್ದಾರಿಯಲ್ಲಿ ವಾಹನಗಳ ವೇಗ ಹೆಚ್ಚಿದೆ. ರಸ್ತೆ ಅಗಲವಾದ ಮಾತ್ರಕ್ಕೆ ಅದು ಸೈಕಲ್ ಸವಾರರಿಗೆ ಸುರಕ್ಷಿತವೆಂದು ಭಾವಿಸಬಾರದು. ಇದಕ್ಕೆ ಪರ್ಯಾಯವಾಗಿ ದೇಸೂರ, ನಂದಿಹಳ್ಳಿ, ಗರ್ಲಗುಂಜಿ ಗ್ರಾಮಗಳ ಕಡೆಯಿಂದ ಹಾದುಹೋಗುವ ಒಳರಸ್ತೆಗಳನ್ನು ಬಳಸಬಹುದು. ದೂರ ಸ್ವಲ್ಪ ಹೆಚ್ಚಾಗುವುದಾದರೂ ದಾರಿಯುದ್ದಕ್ಕೂ ಗದ್ದೆಗಳೂ ಮಾವಿನ ತೋಪುಗಳೂ ಕಾಣಸಿಗುತ್ತವೆ. ಕವಲುಗಳಲ್ಲಿ ಎಲ್ಲೆಡೆಯೂ ಫಲಕಗಳಿಲ್ಲದ ಕಾರಣ ಗ್ರಾಮಸ್ಥರನ್ನು ವಿಚಾರಿಸಿ ಮುಂದುವರಿಯತಕ್ಕದ್ದು. ಈ ಭಾಗದಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿದ್ದು, ಊರಿನ ಹೆಸರೊಂದನ್ನು ಸ್ಪಷ್ಟವಾಗಿ ಹೇಳಿದರೆ ದಾರಿ ತೋರಿಸಲು ಯಾರೂ ಹಿಂಜರಿಯುವುದಿಲ್ಲ.

ಏರಿಳಿತದ ಬಗ್ಗೆ ಒಂದು ಎಚ್ಚರಿಕೆ

ಬೆಳಗಾವಿಯು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದರೆ, ಖಾನಾಪುರವು ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಂದರೆ ಹೋಗುವಾಗ ಒಟ್ಟಾರೆ ಇಳಿಜಾರು, ಹಿಂದಿರುಗುವಾಗ ಒಟ್ಟಾರೆ ಏರು. ಬೆಳಗಿನ ತಂಪಿನಲ್ಲಿ ಸಲೀಸಾಗಿ ಖಾನಾಪುರ ತಲುಪಿದವರು ಅದೇ ಅಂದಾಜಿನಲ್ಲಿ ಮರಳಲು ಹೊರಟು ಮಧ್ಯಾಹ್ನದ ಬಿಸಿಲಿನಲ್ಲಿ ಬಳಲುವುದುಂಟು. ಆದುದರಿಂದ ಹೋಗಲು ತಗಲಿದ ಸಮಯಕ್ಕಿಂತ ಹೆಚ್ಚಿನ ಸಮಯವನ್ನು ಹಿಂದಿರುಗಲು ಕಾಯ್ದಿರಿಸಿಕೊಳ್ಳಬೇಕು. ಇದಕ್ಕೆ ವ್ಯತಿರಿಕ್ತವಾಗಿ ಪಶ್ಚಿಮಕ್ಕೆ, ಅಂದರೆ ಕಣಕುಂಬಿಯ ಕಡೆಗೆ ಹೊರಟವರಿಗೆ ಕೊನೆಯ ಹಂತದಲ್ಲಿ ಏರು ಎದುರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿಯೂ ಎದುರಾಗಿ ಬೀಸುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಯಳ್ಳೂರ–ರಾಜಹಂಸಗಡ

ಮೊದಲ ಬಾರಿಗೆ ಹೊರಡುವವರಿಗೆ ಮತ್ತು ಅರ್ಧ ದಿನದ ಬಿಡುವುಳ್ಳವರಿಗೆ ಈ ಮಾರ್ಗ ಸೂಕ್ತ. ನೇಕಾರರ ಬಡಾವಣೆಯಾದ ವಡಗಾವಿಯನ್ನು ದಾಟಿ ಯಳ್ಳೂರ ಗ್ರಾಮದ ಮೂಲಕ ಗಡದ ಬುಡವನ್ನು ತಲುಪಬಹುದು. ಈ ಸುತ್ತಿನ ಕಪ್ಪು ಮಣ್ಣಿನ ಗದ್ದೆಗಳು ಬೆಳಗಾವಿ ಬಾಸುಮತಿ ಅಕ್ಕಿಗೆ ಹೆಸರಾದವು. ಗಡದ ಮೇಲೆ ಸಿದ್ಧೇಶ್ವರ ದೇವಾಲಯವಿದೆ. ಕೊನೆಯ ಏರು ಕಡಿದಾಗಿದ್ದು, ಸೈಕಲ್ಲನ್ನು ತಳ್ಳಿಕೊಂಡು ಹೋಗುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ಇಳಿಯುವ ಮುನ್ನ ಎರಡೂ ಬ್ರೇಕುಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು.

ಖಾನಾಪುರ–ನಂದಗಡ–ಹಲಸಿ

ಸದರಿ ಪ್ರದೇಶದ ಮಾರ್ಗಗಳ ಪೈಕಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನೇ ಶಿಫಾರಸು ಮಾಡಬಹುದು. ಬೆಳಗಾವಿಯಿಂದ ಸೈಕಲ್ಲಿನಲ್ಲಿಯೇ ಬಂದು ಒಂದೇ ದಿನದಲ್ಲಿ ಹಿಂದಿರುಗುವುದು ಅಭ್ಯಾಸವಿದ್ದವರಿಗೆ ಮಾತ್ರ ಸಾಧ್ಯ. ಉಳಿದವರು ಖಾನಾಪುರದವರೆಗೆ ವಾಹನದಲ್ಲಿ ಅಥವಾ ರೈಲಿನಲ್ಲಿ ಬಂದು ಅಲ್ಲಿಂದ ಸವಾರಿ ಆರಂಭಿಸಬಹುದು. ರೈಲಿನಲ್ಲಿ ಸೈಕಲ್ ಸಾಗಿಸಲು ಪಾರ್ಸೆಲ್ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ. ಎಲ್ಲ ರೈಲುಗಳಲ್ಲಿಯೂ ಎಲ್ಲ ನಿಲ್ದಾಣಗಳಲ್ಲಿಯೂ ಈ ಸೌಲಭ್ಯ ದೊರೆಯುವುದಿಲ್ಲವಾದ್ದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು.

ಖಾನಾಪುರದ ಜೇಡಿಮಣ್ಣು ಹೆಂಚು ಮತ್ತು ಕುಂಬಾರಿಕೆಗೆ ಪ್ರಸಿದ್ಧವಾದುದು. ಊರ ಹೊರಗಿನ ಇಟ್ಟಿಗೆ ಭಟ್ಟಿಗಳ ಬಳಿ ಟ್ರ್ಯಾಕ್ಟರುಗಳ ಗಾಲಿಯಿಂದ ಉದುರಿದ ಮಣ್ಣು ರಸ್ತೆಯ ಮೇಲೆ ಬಿದ್ದಿರುತ್ತದೆ. ಒಂದು ಸಣ್ಣ ಮಳೆ ಬಂದರೂ ಸಾಕು, ಸೈಕಲ್ ಜಾರುತ್ತದೆ. ಅಲ್ಲಿಂದ ಸುಮಾರು 10 ಕಿ.ಮೀ. ಕ್ರಮಿಸಿದರೆ ನಂದಗಡ. ಕಿತ್ತೂರು ಸಂಸ್ಥಾನದ ಪರವಾಗಿ ಬ್ರಿಟಿಷರ ವಿರುದ್ಧ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಇಲ್ಲಿಯೇ ಗಲ್ಲಿಗೇರಿಸಲಾಯಿತು. ಇಲ್ಲಿರುವ ಆತನ ಸಮಾಧಿ ಮತ್ತು ಆಲದ ಮರಕ್ಕೆ ಇಂದಿಗೂ ಜನರು ಹರಕೆ ಸಲ್ಲಿಸುತ್ತಾರೆ. ಸವಾರರು ಇಲ್ಲಿ ವಿಶ್ರಮಿಸಿ, ಕುಡಿಯುವ ನೀರನ್ನು ತುಂಬಿಕೊಂಡು ಮುಂದುವರಿಯಬಹುದು.

ನಂದಗಡದ ಆಚೆ ಸಂಚಾರ ಕಡಿಮೆಯಾಗುತ್ತದೆ. ಹಲಸಿಯು ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಶಾಸನಗಳಲ್ಲಿ ಇದನ್ನು ಪಲಾಶಿಕಾ ಎಂದು ಕರೆಯಲಾಗಿದೆ. ಇಲ್ಲಿ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿದನೆಂದು ತಾಮ್ರಶಾಸನದಿಂದ ತಿಳಿದುಬರುತ್ತದೆ. ನಂತರ ಗೋವೆಯ ಕದಂಬರ ಕಾಲದಲ್ಲಿ ಅಭಿವೃದ್ಧಿ ಹೊಂದಿದ ಭೂವರಾಹ ನರಸಿಂಹ ದೇವಾಲಯವು ಇಲ್ಲಿನ ಮುಖ್ಯ ಆಕರ್ಷಣೆ. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಊರು ಇಂದು ಶಾಂತವಾದ ಹಳ್ಳಿ; ಅವಸರವಿಲ್ಲದೆ ನೋಡಲು ಎರಡು ಗಂಟೆ ಬೇಕು. ಊಟದ ವ್ಯವಸ್ಥೆಯನ್ನು ನಂಬಿಕೊಂಡು ಬರುವುದಕ್ಕಿಂತ ಬುತ್ತಿ ತರುವುದು ಕ್ಷೇಮ.

ಸಮಯದ ಅಭಾವವಿದ್ದವರು ಖಾನಾಪುರದ ಸಮೀಪದಲ್ಲಿಯೇ ಮಲಪ್ರಭೆಯ ದಂಡೆಯಲ್ಲಿರುವ ಅಸೋಗಾದ ರಾಮಲಿಂಗೇಶ್ವರ ದೇವಾಲಯದವರೆಗೆ ಹೋಗಿ ಬರಬಹುದು.

ಜಾಂಬೋಟಿ–ಕಣಕುಂಬಿ

ಪೀರನವಾಡಿಯ ಬಳಿ ಹೆದ್ದಾರಿಯಿಂದ ಬೇರ್ಪಡುವ ರಸ್ತೆಯು ಕುಸಮಳಿಯಲ್ಲಿ ಮಲಪ್ರಭೆಯನ್ನು ದಾಟಿ, ಜಾಂಬೋಟಿಯ ಮೂಲಕ ಕಣಕುಂಬಿಗೆ ಮತ್ತು ಅಲ್ಲಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಸಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿ, 300 ಕಿ.ಮೀ.ಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಉಗಮಸ್ಥಾನವನ್ನು ನೋಡಲು ಅನೇಕರು ಈ ಮಾರ್ಗವನ್ನು ಬಯಸುತ್ತಾರೆ. ದಾರಿ ರಮಣೀಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಪ್ರಶಾಂತವಾದ ರಸ್ತೆಯಲ್ಲ. ವಾರಾಂತ್ಯಗಳಲ್ಲಿ ಗೋವಾಕ್ಕೆ ಹೋಗಿಬರುವ ಕಾರುಗಳು ತಿರುವುಗಳಲ್ಲಿಯೂ ಹಿಂದಿಕ್ಕಲು ಯತ್ನಿಸುತ್ತವೆ. ವಾರದ ಮಧ್ಯದ ದಿನಗಳಲ್ಲಿ ಮುಂಜಾನೆ ಹೊರಟು ಜಾಂಬೋಟಿಯಿಂದಲೇ ಖಾನಾಪುರದ ರಸ್ತೆಗೆ ತಿರುಗಿಕೊಳ್ಳುವುದು ವಿವೇಕದ ಕ್ರಮ.

ಮಳೆಗಾಲದಲ್ಲಿ ಈ ಭಾಗದ ಸವಾರಿಯನ್ನು ಕೈಬಿಡುವಂತೆ ಕೋರಲಾಗಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟದ ಅಂಚಿನಲ್ಲಿಯೇ ಹೆಚ್ಚಿನ ಮಳೆ ಸುರಿಸುವುದರಿಂದ, ಬೆಳಗಾವಿಯಲ್ಲಿ ತುಂತುರು ಇದ್ದಾಗ ಕಣಕುಂಬಿಯಲ್ಲಿ ಧಾರಾಕಾರ ಮಳೆಯಾಗುತ್ತಿರುವುದು ಸಾಮಾನ್ಯ. ಇದೇ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ.ಗೂ ಮೀರಿದ ಮಳೆ ದಾಖಲಾಗಿತ್ತು. ಹಳ್ಳಗಳ ತಗ್ಗು ಸೇತುವೆಗಳ ಮೇಲೆ ನೀರು ಹರಿಯುತ್ತಿರುವಾಗ, ಎಷ್ಟೇ ಕಡಿಮೆ ಆಳವೆಂದು ತೋರಿದರೂ, ಸೈಕಲ್ ಸಮೇತ ದಾಟಲು ಯತ್ನಿಸಕೂಡದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಅವಧಿ ಪ್ರಶಸ್ತವಾದುದು. ಆದರೆ ಅದು ಕಬ್ಬು ನುರಿಸುವ ಕಾಲವೂ ಹೌದು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂಭಾಗವು ತಿರುವುಗಳಲ್ಲಿ ರಸ್ತೆಯ ಒಳಬದಿಗೆ ಎಳೆಯುವುದರಿಂದ, ಅವುಗಳ ಪಕ್ಕದಲ್ಲಿ ಸಾಗದೆ ನಿಂತು ದಾರಿ ಬಿಡತಕ್ಕದ್ದು.

ಅರಣ್ಯ ಪ್ರದೇಶ ಮತ್ತು ಅನುಮತಿ

ಖಾನಾಪುರದಿಂದ ಹೆಮ್ಮಡಗಾ ಕಡೆಗಿನ ರಸ್ತೆಯು ಭೀಮಗಡ ವನ್ಯಜೀವಿ ಧಾಮದ ಮೂಲಕ ಹಾದುಹೋಗುತ್ತದೆ. 2011ರಲ್ಲಿ ಘೋಷಿತವಾದ ಈ ಧಾಮದ ವಿಸ್ತೀರ್ಣ ಸುಮಾರು 190 ಚ.ಕಿ.ಮೀ. ಅಪರೂಪದ ರಾಟನ್ ಬಾವಲಿಯ ನೆಲೆಯಾದ ಬಾರಾಪೇಡೆ ಗುಹೆಗಳು ಇದರ ವ್ಯಾಪ್ತಿಯಲ್ಲಿವೆ. ಧಾಮದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 27ನೇ ಪ್ರಕರಣದಲ್ಲಿ ವಿನಾಯಿತಿ ಇದೆ. ರಸ್ತೆಯನ್ನು ಬಿಟ್ಟು ಕಾಲುದಾರಿಗಳಿಗೆ ಇಳಿಯುವುದಕ್ಕೆ, ಛಾಯಾಗ್ರಹಣ ಅಥವಾ ಪ್ರವಾಸದ ಉದ್ದೇಶದಿಂದ ಒಳಹೋಗುವುದಕ್ಕೆ 28ನೇ ಪ್ರಕರಣದ ಪ್ರಕಾರ ಅನುಮತಿ ಅವಶ್ಯ. ಈ ಬಗ್ಗೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ತನಿಖಾ ಠಾಣೆಯ ಸಿಬ್ಬಂದಿ ತಡೆದಾಗ ವಾದಿಸುವುದರಿಂದ ಪ್ರಯೋಜನವಿಲ್ಲ. ಕರಡಿ ಮತ್ತು ಕಾಡುಕೋಣಗಳ ಓಡಾಟವಿರುವ ಈ ಕಾಡಿನಲ್ಲಿ ಸದ್ದಿಲ್ಲದೆ ಬರುವ ಸೈಕಲ್ ಪ್ರಾಣಿಗೂ ಸವಾರನಿಗೂ ಏಕಕಾಲಕ್ಕೆ ಅನಿರೀಕ್ಷಿತ. ಆದಕಾರಣ ಸೂರ್ಯೋದಯಕ್ಕೆ ಮುನ್ನ ಮತ್ತು ಸಂಜೆ ಐದರ ನಂತರ ಇಲ್ಲಿ ಸವಾರಿ ಬೇಡ. ತಿರುವುಗಳಲ್ಲಿ ಗಂಟೆ ಬಾರಿಸುತ್ತಿರಬೇಕು.

ಪರವಾನಗಿ ಬೇಕೆ?

ಸೈಕಲ್ ಮೋಟಾರು ವಾಹನವಲ್ಲದ ಕಾರಣ ಚಾಲನಾ ಪರವಾನಗಿಯಾಗಲೀ ನೋಂದಣಿಯಾಗಲೀ ಅಗತ್ಯವಿಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು ಇದ್ದು, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗದ, ನಿಯಮಾನುಸಾರ ಅನುಮೋದಿತವಾದ ವಿದ್ಯುತ್ ಸೈಕಲ್ಲಿಗೂ ಇದು ಅನ್ವಯಿಸುತ್ತದೆ. ಶಿರಸ್ತ್ರಾಣವನ್ನು ಸೈಕಲ್ ಸವಾರರಿಗೆ ಕಾನೂನು ಕಡ್ಡಾಯಗೊಳಿಸಿಲ್ಲವಾದರೂ ಧರಿಸುವುದು ಅಪೇಕ್ಷಣೀಯ. ಮುಸ್ಸಂಜೆಯ ನಂತರ ಸೈಕಲ್ಲಿನ ಹಿಂದೆ ಕೆಂಪು ದೀಪ ಅಥವಾ ಪ್ರತಿಫಲಕವಿಲ್ಲದಿದ್ದರೆ ಹಿಂದಿನಿಂದ ಬರುವ ಚಾಲಕನಿಗೆ ಸವಾರನು ಕಾಣಿಸುವುದೇ ಇಲ್ಲ. ಹಾಲಿನ ಕ್ಯಾನು ಕಟ್ಟುವವರು ಕ್ಯಾನಿನ ಹಿಂಬದಿಗೇ ಪ್ರತಿಫಲಕ ಪಟ್ಟಿಯನ್ನು ಅಂಟಿಸಿಕೊಳ್ಳಬೇಕು, ಏಕೆಂದರೆ ಮಡ್‌ಗಾರ್ಡಿನ ಮೇಲಿನ ಪ್ರತಿಫಲಕವನ್ನು ಕ್ಯಾನು ಮರೆಮಾಡುತ್ತದೆ.

ಅಪಘಾತವಾದಲ್ಲಿ

ತುರ್ತು ನೆರವಿಗೆ 112 ಮತ್ತು ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬೇಕು. ಗಾಯಾಳುವನ್ನು ಸದ್ಭಾವನೆಯಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಅಧಿನಿಯಮದ 134ಎ ಪ್ರಕರಣದಲ್ಲಿ ರಕ್ಷಣೆ ಇದ್ದು, ತಮ್ಮ ಹೆಸರು ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಮೋಟಾರು ವಾಹನದಿಂದ ಗಾಯಗೊಂಡವರಿಗೆ 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂ. ಮಿತಿಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಸವಾರನು ತಾನಾಗಿಯೇ ಬಿದ್ದು ಗಾಯಗೊಂಡಲ್ಲಿ ಈ ಯೋಜನೆ ಅನ್ವಯಿಸುವುದಿಲ್ಲ.

ಗ್ರಾಮೀಣ ರಸ್ತೆಯಲ್ಲಿ ಸೈಕಲ್ ಸವಾರನಿಗೆ ಡಿಕ್ಕಿ ಹೊಡೆದ ವಾಹನವು ನಿಲ್ಲದೆ ಹೋಗಿ, ಅದರ ಸಂಖ್ಯೆಯನ್ನು ಯಾರೂ ನೋಡದಿದ್ದ ಸಂದರ್ಭದಲ್ಲಿ, ಪರಿಹಾರವೇ ದೊರೆಯುವುದಿಲ್ಲವೆಂದು ಭಾವಿಸಿ ಕುಟುಂಬದವರು ಸುಮ್ಮನಾಗಬಾರದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ, ಇಂತಹ ಪ್ರಕರಣಗಳಲ್ಲಿ ಮರಣ ಸಂಭವಿಸಿದರೆ 2 ಲಕ್ಷ ರೂ., ತೀವ್ರ ಗಾಯವಾದರೆ 50,000 ರೂ. ಪರಿಹಾರ ನಿಗದಿಯಾಗಿದೆ. ಇದಕ್ಕೆ ಮುನ್ನ ಈ ಮೊತ್ತಗಳು ಕ್ರಮವಾಗಿ 25,000 ಮತ್ತು 12,500 ರೂ. ಆಗಿದ್ದವು. ಅರ್ಜಿಯನ್ನು ಅಪಘಾತ ನಡೆದ ಸ್ಥಳದ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ಸಂಬಂಧಪಟ್ಟ ಉಪವಿಭಾಗ ಅಥವಾ ತಾಲ್ಲೂಕಿನ ಕಂದಾಯ ಅಧಿಕಾರಿಗೆ ಸಲ್ಲಿಸಬೇಕು. ಖಾನಾಪುರ ತಾಲ್ಲೂಕಿನಲ್ಲಿ ಅಪಘಾತವಾಗಿದ್ದರೆ, ಅರ್ಜಿದಾರರು ಬೆಳಗಾವಿ ನಗರದ ನಿವಾಸಿಗಳಾಗಿದ್ದರೂ, ಖಾನಾಪುರದ ತಹಶೀಲ್ದಾರ್ ಕಚೇರಿಯಲ್ಲಿ ಮೊದಲು ವಿಚಾರಿಸತಕ್ಕದ್ದು. ವರದಿಯನ್ನು ಪರಿಶೀಲಿಸಿ ಮಂಜೂರು ಮಾಡುವ ಅಧಿಕಾರ ಜಿಲ್ಲಾ ಮಟ್ಟದ್ದು. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗದಿದ್ದರೆ ಅಪಘಾತ ನಡೆದುದನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಗಾಯ ಸಣ್ಣದೆಂದು ತೋರಿದರೂ ಅದೇ ದಿನ ದೂರು ನೀಡಿ ಅದರ ಪ್ರತಿಯನ್ನು ಪಡೆದುಕೊಳ್ಳಬೇಕು.

ರಸ್ತೆ ದುರಸ್ತಿಯ ಮನವಿ

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ಬಗ್ಗೆ ಲೋಕೋಪಯೋಗಿ ಇಲಾಖೆಗೆ, ಗ್ರಾಮೀಣ ರಸ್ತೆಗಳ ಬಗ್ಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ, ಬೆಳಗಾವಿ ನಗರದೊಳಗಿನ ರಸ್ತೆಗಳ ಬಗ್ಗೆ ಮಹಾನಗರ ಪಾಲಿಕೆಗೆ ಮತ್ತು ಕ್ಯಾಂಪ್ ಪ್ರದೇಶದ ಬಗ್ಗೆ ದಂಡು ಮಂಡಳಿಗೆ ಮನವಿ ಸಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಗೆ ಸಂಬಂಧಿಸಿದ ದೂರುಗಳಿಗೆ 1033 ಸಂಖ್ಯೆ ಇದೆ. ಮನವಿಯಲ್ಲಿ ರಸ್ತೆಯ ಹೆಸರಿನ ಜೊತೆಗೆ ಸಮೀಪದ ಕಿಲೋಮೀಟರ್ ಕಲ್ಲಿನ ಬಣ್ಣ ಮತ್ತು ಅದರ ಮೇಲಿನ ಸಂಖ್ಯೆಯನ್ನು ಬರೆದರೆ, ಅರ್ಜಿಯು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.