ಸ್ಕಾಚ್ ಆಯ್ಕೆ: ಬೆಲೆ, ವಯಸ್ಸಿಗಿಂತ ಮೊದಲು ಲೇಬಲ್ ಓದಿ

ಬಾಟಲಿಗಳ ಲೆಕ್ಕದಲ್ಲಿ 2024ರಲ್ಲಿ ಸ್ಕಾಚ್ ವಿಸ್ಕಿಯ ಅತಿ ದೊಡ್ಡ ಮಾರುಕಟ್ಟೆ ಭಾರತ. ಆ ಒಂದೇ ವರ್ಷ ಸುಮಾರು 19.2 ಕೋಟಿ ಬಾಟಲಿಗಳಷ್ಟು ಸ್ಕಾಚ್ ಸ್ಕಾಟ್ಲೆಂಡಿನಿಂದ ಇಲ್ಲಿಗೆ ಬಂದಿದೆ. ಆದರೆ ಮದ್ಯದಂಗಡಿಯ ಮುಂದೆ ನಿಂತವರಾಗಲಿ, ಗಲ್ಫಿನಿಂದ ಊರಿಗೆ ಮರಳುವಾಗ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಮಳಿಗೆ ಹೊಕ್ಕವರಾಗಲಿ ಸಾಮಾನ್ಯವಾಗಿ ನೋಡುವುದು ಎರಡೇ ಸಂಗತಿ: ಬೆಲೆ ಎಷ್ಟು, ಎಷ್ಟು ವರ್ಷದ್ದು. ಈ ಎರಡರಿಂದಲೂ ವಿಸ್ಕಿಯ ರುಚಿ ತಿಳಿಯುವುದಿಲ್ಲ. ಸಾವಿರಾರು ರೂಪಾಯಿ ತೆತ್ತು ತಂದ ಬಾಟಲಿ ಮೊದಲ ಗುಟುಕಿಗೇ ಬೇಡವೆನಿಸಿ ಮೂಲೆ ಸೇರುವುದು ಇದೇ ಕಾರಣಕ್ಕೆ. ರುಚಿಯನ್ನು ನಿರ್ಧರಿಸುವ ಸಂಗತಿಗಳು ಬೇರೆಯೇ ಇವೆ. ಅವುಗಳಲ್ಲಿ ಹಲವನ್ನು ಲೇಬಲಿನಲ್ಲೇ ಓದಬಹುದು.

ಯಾವುದು ಸ್ಕಾಚ್?

ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಗಳು ಇದನ್ನು ಸ್ಪಷ್ಟಪಡಿಸಿವೆ. ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಮರದ ಪೀಪಾಯಿಯಲ್ಲಿ ಅಲ್ಲಿಯೇ ಕನಿಷ್ಠ 3 ವರ್ಷ ಮಾಗಿಸಿದ್ದು ಮಾತ್ರ ಸ್ಕಾಚ್. ಮದ್ಯಾಂಶ ಶೇ. 40ಕ್ಕಿಂತ ಕಡಿಮೆ ಇರುವಂತಿಲ್ಲ. ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟರೆ ಬೇರೇನನ್ನೂ ಬೆರೆಸುವಂತಿಲ್ಲ. ಕ್ಯಾರಮೆಲ್‌ಗೆ ಅವಕಾಶ ಇರುವುದರಿಂದ ಬಣ್ಣ ಗಾಢವಾಗಿದೆ ಎಂದ ಮಾತ್ರಕ್ಕೆ ಅದು ಹಳೆಯದು, ಒಳ್ಳೆಯದು ಎಂದು ನಂಬಬೇಕಾಗಿಲ್ಲ.

ಹೆಸರು ನೋಡಿ ಮೋಸ ಹೋಗುವವರೂ ಇದ್ದಾರೆ. ಬೆಂಗಳೂರಿನ ಖೋಡೇಸ್ ಕಂಪೆನಿಯ 'ಪೀಟರ್ ಸ್ಕಾಟ್' ಹೆಸರಿನ ವಿರುದ್ಧ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆಕ್ಷೇಪ ಎತ್ತಲು ತೀರಾ ತಡವಾಯಿತೆಂಬುದನ್ನು ಮುಖ್ಯವಾಗಿ ಪರಿಗಣಿಸಿದ ನ್ಯಾಯಾಲಯ 2008ರಲ್ಲಿ ಖೋಡೇಸ್ ಪರ ತೀರ್ಪಿತ್ತಿತು. ಹೆಸರು ಉಳಿಯಿತು, ಆದರೆ ಒಳಗಿರುವುದು ಸ್ಕಾಚ್ ಅಲ್ಲ. ಬೆಂಗಳೂರಿನದೇ ಆದ, 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾಗಿ ಹೆಸರು ಮಾಡಿದ 'ಅಮೃತ್' ಒಳ್ಳೆಯ ಸಿಂಗಲ್ ಮಾಲ್ಟ್ ಹೌದು, ಸ್ಕಾಚ್ ಅಲ್ಲ. ಲೇಬಲಿನಲ್ಲಿ 'ಸ್ಕಾಚ್ ವಿಸ್ಕಿ' ಎಂಬ ಎರಡು ಪದ ಜೊತೆಯಾಗಿ ಇದೆಯೇ ಎಂಬುದೇ ಮೊದಲು ನೋಡಬೇಕಾದ್ದು.

ಸಿಂಗಲ್ ಎಂದರೇನು?

ನಿಯಮದಲ್ಲಿ 5 ವಿಧಗಳಿವೆ: ಸಿಂಗಲ್ ಮಾಲ್ಟ್, ಸಿಂಗಲ್ ಗ್ರೇನ್, ಬ್ಲೆಂಡೆಡ್ ಮಾಲ್ಟ್, ಬ್ಲೆಂಡೆಡ್ ಗ್ರೇನ್ ಮತ್ತು ಬ್ಲೆಂಡೆಡ್ ಸ್ಕಾಚ್. 'ಸಿಂಗಲ್' ಎಂದರೆ ಒಂದೇ ಪೀಪಾಯಿಯದು ಎಂದಲ್ಲ, ಒಂದೇ ಡಿಸ್ಟಿಲರಿಯದು ಎಂದರ್ಥ. ಮೊಳಕೆ ಬರಿಸಿದ ಬಾರ್ಲಿಯನ್ನು ಮಾತ್ರ ಬಳಸಿ, ತಾಮ್ರದ ಪಾತ್ರೆಗಳಲ್ಲಿ ಬಟ್ಟಿ ಇಳಿಸಿದ್ದು ಸಿಂಗಲ್ ಮಾಲ್ಟ್. ಇಂತಹ ಮಾಲ್ಟ್ ಜೊತೆಗೆ ಗೋಧಿ, ಜೋಳದಂತಹ ಧಾನ್ಯಗಳಿಂದ ತಯಾರಾದ ಹಗುರ ಗ್ರೇನ್ ವಿಸ್ಕಿ ಬೆರೆತರೆ ಬ್ಲೆಂಡೆಡ್ ಸ್ಕಾಚ್. ಜಾನಿ ವಾಕರ್, ಶಿವಾಸ್ ರೀಗಲ್ ಈ ಗುಂಪಿನವು.

ಬ್ಲೆಂಡ್ ಎಂದರೆ ಕೀಳು ಎಂಬ ಭಾವನೆ ಸರಿಯಲ್ಲ. ಸೋಡಾ, ಐಸ್ ಹಾಕಿ ಕುಡಿಯುವವರಿಗೆ ಅದೇ ಸೂಕ್ತ. ದುಬಾರಿ ಸಿಂಗಲ್ ಮಾಲ್ಟ್ ತಂದು ಅದಕ್ಕೆ ಕೋಲಾ ಸುರಿದರೆ ಹಣ ಕೊಟ್ಟು ಪಡೆದ ಪರಿಮಳವೆಲ್ಲ ಸಕ್ಕರೆಯಲ್ಲಿ ಮುಳುಗಿಹೋಗುತ್ತದೆ.

ಪೀಪಾಯಿಯ ರುಚಿ

ಬಟ್ಟಿಯಿಂದ ಇಳಿದ ಹೊಸ ಮದ್ಯಕ್ಕೆ ನೀರಿನಂತೆ ಬಣ್ಣವಿಲ್ಲ. ಬಣ್ಣ ಮತ್ತು ರುಚಿಯ ಬಹುಪಾಲು ಬರುವುದು ಪೀಪಾಯಿಯ ಮರದಿಂದ. ಅಮೆರಿಕದ ಬರ್ಬನ್ ವಿಸ್ಕಿಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕೆಂಬ ಕಾನೂನಿದೆ. ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳು ಸ್ಕಾಟ್ಲೆಂಡಿಗೆ ಬರುತ್ತವೆ. ಅವುಗಳಲ್ಲಿ ಮಾಗಿದ ವಿಸ್ಕಿಗೆ ವೆನಿಲ್ಲಾ, ಜೇನು, ತೆಂಗಿನಕಾಯಿಯ ಸುಳಿವು ಇರುತ್ತದೆ. ಸ್ಪೇನಿನ ಶೆರಿ ವೈನ್ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಅಂಜೂರ, ಲವಂಗ, ದಾಲ್ಚಿನ್ನಿಯ ಕಡೆಗೆ ವಾಲುತ್ತದೆ. ಗ್ಲೆನ್‌ಫಾರ್ಕ್ಲಾಸ್, ಗ್ಲೆನ್‌ಡ್ರೋನಕ್ ಶೆರಿ ಪೀಪಾಯಿಗೆ ಹೆಸರಾದವು. ಸಿಹಿತಿಂಡಿ, ಒಣಹಣ್ಣು ಇಷ್ಟಪಡುವವರು ಲೇಬಲಿನಲ್ಲಿ 'ಶೆರಿ ಕಾಸ್ಕ್' ಎಂಬ ಮಾತನ್ನು ಹುಡುಕಬಹುದು.

ಹೊಗೆ ಬೇಕೇ, ಬೇಡವೇ?

ಮೊದಲ ಬಾರಿ ಕೊಳ್ಳುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದು. ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಮಣ್ಣಿನಂತಹ ಇಂಧನ ಪೀಟ್. ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಬೆಂಕಿಯಲ್ಲಿ ಒಣಗಿಸಿದರೆ ಅದರ ಹೊಗೆ ಕಾಳಿಗೆ ಹಿಡಿದು ಕೊನೆಯವರೆಗೂ ಉಳಿಯುತ್ತದೆ. ಐಲಾ ದ್ವೀಪದ ಲಫ್ರೋಯ್ಗ್, ಲಗಾವುಲಿನ್, ಆರ್ಡ್‌ಬೆಗ್ ಇದಕ್ಕೆ ಪ್ರಸಿದ್ಧ. ಕೆಲವರಿಗೆ ಇದು ಕಡಲ ಗಾಳಿ, ಸುಟ್ಟ ಕಟ್ಟಿಗೆಯ ಸೊಗಸು. ಇನ್ನು ಕೆಲವರಿಗೆ ಆಸ್ಪತ್ರೆಯ ಔಷಧದ ವಾಸನೆ. ನಡುವಿನ ದಾರಿ ಕಡಿಮೆ. ಹಾಗಾಗಿ ಹೆಸರು ಕೇಳಿದ ಮಾತ್ರಕ್ಕೆ ಇವುಗಳ ದೊಡ್ಡ ಬಾಟಲಿ ಕೊಳ್ಳುವುದು ಜಾಣತನವಲ್ಲ.

ಹೊಗೆ ಬೇಡವೆನ್ನುವವರಿಗೆ ಸ್ಪೇ ನದಿ ಕಣಿವೆಯ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಸುಲಭ ಆರಂಭ; ಸೇಬು, ಪೇರಳೆಯಂತಹ ಹಣ್ಣಿನ ಪರಿಮಳ ಇವುಗಳದು. ಇನ್ನೂ ಹಗುರ ಬೇಕಾದರೆ ಲೋಲೆಂಡ್ ಪ್ರದೇಶದ, ಮೂರು ಬಾರಿ ಬಟ್ಟಿ ಇಳಿಸುವ ಆಕೆನ್‌ಟಾಶನ್ ಇದೆ. ಹೊಗೆಯನ್ನು ಸ್ವಲ್ಪವೇ ಪರೀಕ್ಷಿಸಬೇಕೆಂದರೆ ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಸಾಕು. ಪ್ರದೇಶದ ಹೆಸರನ್ನೇ ಪೂರ್ತಿ ನಂಬುವುದೂ ಬೇಡ. ಐಲಾದ್ದೇ ಆದ ಬುನಾಹಾವನ್ ವಿಸ್ಕಿಗಳಲ್ಲಿ ಹೆಚ್ಚಿನವಕ್ಕೆ ಪೀಟ್ ಹೊಗೆ ಇಲ್ಲ.

ವಯಸ್ಸಿನ ಲೆಕ್ಕ

ಬಾಟಲಿಯ ಮೇಲಿನ 12 ಅಥವಾ 18 ಎಂಬ ಸಂಖ್ಯೆ ಅದರಲ್ಲಿ ಬೆರೆತ ವಿಸ್ಕಿಗಳಲ್ಲಿ ಅತಿ ಎಳೆಯದರ ವಯಸ್ಸು. ಪೀಪಾಯಿಯಲ್ಲಿರುವಾಗ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ, ಗೋದಾಮಿನ ಖರ್ಚೂ ಸೇರಿ ಬೆಲೆ ಏರುತ್ತದೆ. ಅಂದರೆ 18 ವರ್ಷದ್ದರ ಹೆಚ್ಚಿನ ಬೆಲೆಯಲ್ಲಿ ಕಾಲದ ಪಾಲೂ ಇದೆ. ವಯಸ್ಸು ಹೆಚ್ಚಿದಂತೆ ಮರದ ಒಗರು ಮುಂದಾಗಿ, ಹಣ್ಣಿನ ತಾಜಾತನ ಮತ್ತು ಹೊಗೆ ತಗ್ಗುವುದುಂಟು. ಅದು ಎಲ್ಲರಿಗೂ ಹಿಡಿಸಬೇಕೆಂದಿಲ್ಲ.

ಇನ್ನೊಂದು ಮಾತು: ವಿಸ್ಕಿ ಮಾಗುವುದು ಪೀಪಾಯಿಯಲ್ಲಿ ಮಾತ್ರ, ಗಾಜಿನಲ್ಲಲ್ಲ. ಮನೆಯ ಶೋಕೇಸಿನಲ್ಲಿ 20 ವರ್ಷ ಕಳೆದರೂ 12 ವರ್ಷದ್ದು 12 ವರ್ಷದ್ದೇ. ಬಾಟಲಿಯನ್ನು ಬಿಸಿಲಿಗೆ ಇಡದೆ, ಮಲಗಿಸದೆ ನೇರವಾಗಿ ನಿಲ್ಲಿಸಿಡಬೇಕು. ಅರ್ಧ ಖಾಲಿಯಾದದ್ದು ಗಾಳಿಗೆ ಕ್ರಮೇಣ ಸಪ್ಪೆಯಾಗುತ್ತದೆ.

ನೀರು ಹಾಕಿದರೆ ತಪ್ಪೇ?

ತಪ್ಪಲ್ಲ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ವಿವರಣೆಯಿದೆ. ಹೊಗೆಯ ರುಚಿಗೆ ಕಾರಣವಾದ ಗ್ವಾಯಕಾಲ್ ಎಂಬ ಅಂಶ, ಮದ್ಯಾಂಶ ತೀರಾ ಹೆಚ್ಚಿರುವಾಗ ದ್ರವದೊಳಗೇ ಅಡಗಿರುತ್ತದೆ. ನೀರು ಸೇರಿ ಮದ್ಯಾಂಶ ಇಳಿದಾಗ ಮೇಲ್ಮೈಗೆ ಬರುತ್ತದೆ. 'ಕಾಸ್ಕ್ ಸ್ಟ್ರೆಂತ್' ಎಂದು ಬರೆದ ಬಾಟಲಿಗಳಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ. 50 ದಾಟಿರುವುದರಿಂದ ನೀರು ಹಾಕುವುದೇ ಲೇಸು. ಮೊದಲು ಹಾಗೆಯೇ ಮೂಸಿ ನೋಡಿ, ಬಳಿಕ ಕೆಲವೇ ಹನಿ ಸೇರಿಸಿ ವ್ಯತ್ಯಾಸ ಗಮನಿಸಬಹುದು. ತುಂಬಾ ಐಸ್ ಹಾಕಿದರೆ ಪರಿಮಳ ಮಂಕಾಗುತ್ತದೆ.

ಕೊಳ್ಳುವ ಮುನ್ನ

ಪೂರ್ತಿ ಬಾಟಲಿಗೆ ಮೊದಲು ಬಾರಿನಲ್ಲಿ 30 ಮಿ.ಲೀ. ಪೆಗ್ ಅಥವಾ 50 ಮಿ.ಲೀ. ಪುಟ್ಟ ಬಾಟಲಿಯಲ್ಲಿ ರುಚಿ ನೋಡುವುದು ಕಡಿಮೆ ಖರ್ಚಿನ ದಾರಿ. ಹಗುರವಾದದ್ದು, ಶೆರಿ ಪೀಪಾಯಿಯದು, ಹೊಗೆಯದು – ಈ ಮೂರನ್ನು ಬೇರೆ ಬೇರೆ ದಿನ ಸವಿದರೆ ಸ್ವಂತ ನಾಲಗೆಯ ಒಲವು ಗೊತ್ತಾಗುತ್ತದೆ. ಕೊಳ್ಳುವಾಗ ಮುಚ್ಚಳದ ಸೀಲ್, ಅಬಕಾರಿ ಚೀಟಿ ನೋಡಿ ಅಧಿಕೃತ ಅಂಗಡಿಯಿಂದಲೇ ತರಬೇಕು. ಖಾಲಿ ಬಾಟಲಿಗೆ ಕಳಪೆ ಮದ್ಯ ತುಂಬುವ ದಂಧೆ ಇರುವುದರಿಂದ, ಕುಡಿದ ಬಳಿಕ ಲೇಬಲ್ ಹರಿದು ಬಾಟಲಿ ಎಸೆಯುವುದು ಉತ್ತಮ. ಗಡಿನಾಡಿನವರು ಇನ್ನೊಂದನ್ನು ನೆನಪಿಡಬೇಕು. ಅಬಕಾರಿ ಕಾನೂನು ರಾಜ್ಯಕ್ಕೊಂದು ಬಗೆ. ಪಕ್ಕದ ರಾಜ್ಯದಲ್ಲಿ ಅಗ್ಗವೆಂದು ತಂದದ್ದು ಚೆಕ್‌ಪೋಸ್ಟಿನಲ್ಲಿ ಕೇಸಾಗಬಹುದು.

ಬೆಲೆಯೂ ಇದ್ದಂತೆಯೇ ಇರುವುದಿಲ್ಲ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ ವಿಸ್ಕಿಯ ಮೇಲಿನ ಶೇ. 150 ಆಮದು ಸುಂಕವನ್ನು ಮೊದಲು ಶೇ. 75ಕ್ಕೆ, 10 ವರ್ಷಗಳಲ್ಲಿ ಶೇ. 40ಕ್ಕೆ ಇಳಿಸುವಂತೆ ಗೊತ್ತುಪಡಿಸಿದೆ. ಆದರೆ ರಾಜ್ಯಗಳ ತೆರಿಗೆ ಪ್ರತ್ಯೇಕ.

ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಶುರು ಮಾಡಲು ಯಾವ ಕಾರಣವೂ ಇಲ್ಲ. ಕುಡಿಯುವವರು ಕಡಿಮೆ ಕುಡಿಯಲಿ, ಕುಡಿದು ವಾಹನ ಮುಟ್ಟದಿರಲಿ. ರುಚಿ ಅರಿತು ಆರಿಸಿದವರಿಗೆ ಒಂದು ಪೆಗ್ಗಿನಲ್ಲೇ ತೃಪ್ತಿಪಡುವುದು ಸುಲಭ.